ಗೇರ್‌ಬಾಕ್ಸ್ ಇಳಿಸಿದ ದಿನ

ಆಷಾಢ ಮಾಸದ ಗುರುಪೌರ್ಣಿಮೆಯಲ್ಲಿ ಕೈವಾರದ ಸಂತ ತಾತಯ್ಯನವರ ಸನ್ನಿಧಿಯಲ್ಲಿ ನಡೆಯುವ ಸಂಗೀತೋತ್ಸವಕ್ಕೆಂದು ನಾಲ್ಕೂ ದಿಕ್ಕುಗಳಿಂದ ಜನ ಬರುವಾಗ, ಕೈವಾರ ಕ್ರಾಸಿನಿಂದ ಊರಿನವರೆಗಿನ ರಸ್ತೆಯಲ್ಲಿ ವಾಹನಗಳು ಇರುವೆಯ ಸಾಲಿನಂತೆ, ಒಂದು ಮಾರು ಸರಿದು ಒಂದು ಗಳಿಗೆ ನಿಂತು, ಮತ್ತೊಂದು ಮಾರು ಸರಿದು ಮತ್ತೊಂದು ಗಳಿಗೆ ನಿಂತು ಸಾಗುವುದುಂಟು. ಕೆಲವು ವರ್ಷಗಳ ಕೆಳಗೆ ಅಂಥದೊಂದು ಸಾಲಿನ ನಡುವೆ, ನನ್ನ ಹಳೆಯ ಮಾರುತಿ 800ರಲ್ಲಿ ಕುಳಿತು, ಎಡಗಾಲನ್ನು ಕ್ಲಚ್ಚಿನ ಮೇಲಿಂದ ತೆಗೆಯದೆ ಮುಕ್ಕಾಲು ಗಂಟೆ ಕಳೆದ ಮೇಲೆ ಮೂಗಿಗೆ ಒಂದು ವಾಸನೆ ಬಂದಿತು. ಸುಟ್ಟ ರಬ್ಬರಿನದಲ್ಲ, ಪೆಟ್ರೋಲಿನದೂ ಅಲ್ಲ. ಒಲೆಯ ಬದಿಯಲ್ಲಿ ಮರೆತಿಟ್ಟ ರಟ್ಟು ಉರಿಯದೆ ಒಳಗೊಳಗೇ ಕಮರುವಾಗ ಬರುವಂಥ, ಗಂಟಲಿಗೆ ಹತ್ತುವ ವಾಸನೆ. ಉತ್ಸವವನ್ನು ಮುಗಿಸಿಕೊಂಡು ಅಂಬಾಜಿದುರ್ಗದ ಬೆಟ್ಟದ ತಪ್ಪಲಿನ ಬಂಧುಗಳ ಮನೆಗೆ ಹೊರಟಾಗ, ಏರಿನಲ್ಲಿ ಎಂಜಿನ್ನು ಗರ್ಜಿಸಿತೇ ಹೊರತು ಕಾರು ಅದಕ್ಕೆ ತಕ್ಕಂತೆ ಮುಂದಕ್ಕೆ ಹೋಗಲೊಲ್ಲದಾಯಿತು. ಒಳಗೆ ಏನೋ ಒಂದು ಕೈಬಿಟ್ಟಿದೆ ಎಂಬುದು ಯಂತ್ರವಿದ್ಯೆಯ ಗಂಧವಿಲ್ಲದವನಿಗೂ ತಿಳಿಯುವಂತಿತ್ತು.

ಮರುದಿನ ಗ್ಯಾರೇಜೊಂದರಲ್ಲಿ ನೋಡಿದವನು ‘ಕ್ಲಚ್ ಪ್ಲೇಟ್ ಹೋಗಿದೆ’ ಎಂದ. ಪ್ಲೇಟನ್ನು ಮಾತ್ರ ಹಾಕಿದರೆ ಸಾಕೆ, ಅದರ ಜೊತೆಗಿನವನ್ನೂ ಹಾಕಬೇಕೆ ಎಂಬ ಪ್ರಶ್ನೆ ಬಂದಾಗ, ಕೆಡದಿರುವುದನ್ನು ಬದಲಾಯಿಸುವುದೇಕೆ ಎಂದು ನಾನೇ ‘ಪ್ಲೇಟು ಸಾಕು’ ಎಂದೆ. ಆತನೂ ಎರಡನೆಯ ಮಾತಾಡಲಿಲ್ಲ. ಏಳು ತಿಂಗಳು ತುಂಬುವುದರೊಳಗಾಗಿ ಕ್ಲಚ್ಚನ್ನು ಒತ್ತಿದೊಡನೆ ಜೀರುಂಡೆಯಂಥ ಒಂದು ಸದ್ದು ಕೇಳಿಸಲಾರಂಭಿಸಿ, ಗೇರ್‌ಬಾಕ್ಸನ್ನು ಎರಡನೆಯ ಸಲ ಕೆಳಗಿಳಿಸಬೇಕಾಗಿ ಬಂದಿತು. ಈ ಸಲ ಚಿಂತಾಮಣಿಯ ಒಂದು ಚಿಕ್ಕ ಗ್ಯಾರೇಜಿನಲ್ಲಿ, ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ, ಮರದ ಸ್ಟೂಲೊಂದರ ಮೇಲೆ ಕುಳಿತು ಕೆಲಸವನ್ನೆಲ್ಲ ಕಣ್ಣಾರೆ ಕಂಡೆ. ಕಾರನ್ನು ಬಳಸುವ, ಆದರೆ ಅದರ ಹೊಟ್ಟೆಯೊಳಗನ್ನು ನೋಡದಿರುವ ನನ್ನಂಥವರಿಗೆ ಉಪಯೋಗವಾದೀತೆಂದು ಅಲ್ಲಿ ತಿಳಿದುದನ್ನು ಬರೆಯುತ್ತಿದ್ದೇನೆ.

ಕ್ಲಚ್ಚು ಏತಕ್ಕೆ ಬೇಕೆಂಬುದನ್ನು ಮೊದಲು ವಿಚಾರಿಸಬೇಕು. ಎತ್ತು ನಿಂತಲ್ಲಿಂದಲೇ ನೊಗಕ್ಕೆ ಹೆಗಲು ಕೊಟ್ಟು ಬಂಡಿಯನ್ನು ಎಳೆಯಬಲ್ಲುದು. ಉಗಿಯಂತ್ರವೂ ಅಷ್ಟೆ, ವಿದ್ಯುತ್ತಿನ ಮೋಟಾರೂ ಅಷ್ಟೆ. ಪೆಟ್ರೋಲಿನ ಅಥವಾ ಡೀಸೆಲಿನ ಎಂಜಿನ್ನಿಗೆ ಆ ಸಾಮರ್ಥ್ಯವಿಲ್ಲ. ಅದು ಮೊದಲು ತಾನು ತಿರುಗುತ್ತಿರಬೇಕು. ಸುಮ್ಮನೆ ನಿಂತ ಕಾರಿನಲ್ಲಿಯೂ ನಿಮಿಷಕ್ಕೆ ಸುಮಾರು 800 ಸುತ್ತಿನಷ್ಟಾದರೂ ತಿರುಗುತ್ತಲೇ ಇರಬೇಕು. ಅದಕ್ಕಿಂತ ಬಹಳ ಕೆಳಗಿಳಿಸಿದರೆ ಉಸಿರು ನಿಂತಂತೆ ಆರಿಹೋಗುತ್ತದೆ. ಇತ್ತ ಕಾರಿನ ಚಕ್ರಗಳೋ ನೆಲಕ್ಕೆ ಅಂಟಿಕೊಂಡು ನಿಶ್ಚಲವಾಗಿವೆ. ತಿರುಗುತ್ತಿರುವುದನ್ನೂ ನಿಂತಿರುವುದನ್ನೂ ಒಂದೇ ಏಟಿಗೆ ಗಂಟು ಹಾಕಿದರೆ ಒಂದೋ ಎಂಜಿನ್ನು ನಿಲ್ಲಬೇಕು, ಇಲ್ಲವೇ ಹಲ್ಲುಗಳು ಮುರಿಯಬೇಕು. ಆದುದರಿಂದ ಎರಡರ ನಡುವೆ, ಮೊದಲು ಜಾರುತ್ತ, ಜಾರುತ್ತ ಹಿಡಿಯುತ್ತ, ಕೊನೆಗೆ ಜಾರದೆ ಒಂದಾಗುವ ಒಂದು ಸಂಧಿ ಅವಶ್ಯಕವಾಗುತ್ತದೆ. ಆ ಸಂಧಿಯೇ ಕ್ಲಚ್ಚು.

ಕೈವಾರವೇ ಮಹಾಭಾರತದ ಏಕಚಕ್ರನಗರವೆಂದೂ, ಭೀಮಸೇನನು ಬಕಾಸುರನಿಗೆ ಬಂಡಿಯನ್ನವನ್ನು ಹೊಡೆದುಕೊಂಡು ಹೋದ ಬೆಟ್ಟ ಇಲ್ಲಿಯದೆಂದೂ ನಮ್ಮ ಸೀಮೆಯ ಜನ ಪರಂಪರೆಯಿಂದ ಹೇಳಿಕೊಂಡು ಬಂದಿದ್ದಾರೆ. ಏಕಚಕ್ರವೆಂಬ ಆ ಹೆಸರು ಗ್ಯಾರೇಜಿನಲ್ಲಿ ಕುಳಿತಿದ್ದಾಗ ನನಗೆ ಮತ್ತೆ ಮತ್ತೆ ನೆನಪಿಗೆ ಬರುತ್ತಿತ್ತು. ಎಂಜಿನ್ನಿನದೊಂದು ಚಕ್ರ, ಗೇರ್‌ಬಾಕ್ಸಿನದೊಂದು ಚಕ್ರ; ಬೇಕೆಂದಾಗ ಎರಡೂ ಸೇರಿ ಏಕಚಕ್ರ, ಬೇಡವೆಂದಾಗ ಬೇರೆ ಬೇರೆ. ಇದಕ್ಕೆ ಇನ್ನೂ ಹತ್ತಿರದ ಉದಾಹರಣೆಯನ್ನು ನೋಡಬೇಕೆಂದಿದ್ದರೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುವ ಮನೆಗೆ ಹೋಗಬಹುದು. ಅಲ್ಲಿ ಒಂದೇ ಮೋಟಾರಿನಿಂದ ಸಾಲಾಗಿ ಹಲವು ರಾಟೆಗಳು ಸುತ್ತುತ್ತಿರುತ್ತವೆ. ಒಂದರ ಎಳೆ ಕಡಿದಾಗ ಕೆಲಸದಾಕೆ ಮೋಟಾರನ್ನು ನಿಲ್ಲಿಸಲು ಓಡುವುದಿಲ್ಲ, ತನ್ನ ರಾಟೆಯೊಂದನ್ನೇ ತಡೆದು ನಿಲ್ಲಿಸಿ, ಎಳೆಯನ್ನು ಕೂಡಿಸಿ, ಮತ್ತೆ ಮೆಲ್ಲಗೆ ಬಿಡುತ್ತಾಳೆ. ಉಳಿದ ಯಂತ್ರವೆಲ್ಲ ತನ್ನ ಪಾಡಿಗೆ ತಾನು ನಡೆಯುತ್ತಿರುತ್ತದೆ. ಕಾರಿನಲ್ಲಿ ನಮ್ಮ ಎಡಗಾಲು ಮಾಡುವುದೂ ಇದನ್ನೇ.

ಇದರ ರಚನೆ ನೋಡಲು ಸರಳವಾದುದು. ಎಂಜಿನ್ನಿನ ಕೊನೆಗೆ ಬೋಲ್ಟುಗಳಿಂದ ಬಿಗಿದ ಭಾರವಾದ ಲೋಹದ ಗಾಲಿ ಫ್ಲೈವೀಲ್. ಅದರ ಮುಖಕ್ಕೆ ಪ್ರೆಷರ್ ಪ್ಲೇಟಿನ ಕವಚವನ್ನು ಬಿಗಿದಿರುತ್ತಾರೆ. ಇವೆರಡರ ನಡುವೆ, ಎರಡು ರೊಟ್ಟಿಕಲ್ಲುಗಳ ಮಧ್ಯೆ ಇಟ್ಟ ರೊಟ್ಟಿಯಂತೆ, ಕ್ಲಚ್ ಪ್ಲೇಟ್ ಕುಳಿತಿರುತ್ತದೆ. ಅದರ ಎರಡು ಮೈಗಳಿಗೂ ಉಜ್ಜಿಕೊಳ್ಳುವುದಕ್ಕೆಂದೇ ಮಾಡಿದ ಪದರವನ್ನು ರಿವೆಟ್ಟು ಹೊಡೆದು ಕೂಡಿಸಿರುತ್ತಾರೆ. ನಡುವಿನ ಹಲ್ಲಿನ ತೂತಿನೊಳಕ್ಕೆ ಗೇರ್‌ಬಾಕ್ಸಿನ ಶಾಫ್ಟು ಬಂದು ಸೇರುತ್ತದೆ. ಪ್ರೆಷರ್ ಪ್ಲೇಟಿನೊಳಗಿರುವ, ಸೂರ್ಯಕಿರಣಗಳಂತೆ ಬೆರಳುಗಳನ್ನು ಚಾಚಿದ ಒಂದು ತಟ್ಟೆಯಾಕಾರದ ಸ್ಪ್ರಿಂಗು ಸದಾಕಾಲವೂ ಈ ಪ್ಲೇಟನ್ನು ಫ್ಲೈವೀಲಿಗೆ ಅಮುಕಿ ಹಿಡಿದಿರುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಪೆಡಲನ್ನು ಒತ್ತಿದಾಗ ಕ್ಲಚ್ಚು ಹಿಡಿಯುತ್ತದೆಂದು ಹಲವರು ಭಾವಿಸಿರುತ್ತಾರೆ; ನಾನೂ ಹಾಗೆಯೇ ಭಾವಿಸಿದ್ದೆ. ವಾಸ್ತವದಲ್ಲಿ ಒತ್ತಿದಾಗ ಅದು ಬಿಡುತ್ತದೆ. ಕಾಲಿನ ಒತ್ತಡವು ಕೇಬಲಿನ ಮೂಲಕ ಒಂದು ಕವೆಗೋಲಿಗೂ, ಕವೆಗೋಲಿನಿಂದ ರಿಲೀಸ್ ಬೇರಿಂಗ್ ಎಂಬ ಉಂಗುರಕ್ಕೂ ಮುಟ್ಟಿ, ಆ ಬೇರಿಂಗು ತಿರುಗುತ್ತಿರುವ ಸ್ಪ್ರಿಂಗಿನ ಬೆರಳುಗಳನ್ನು ಒಳಕ್ಕೆ ನೂಕಿದಾಗ ಹಿಡಿತ ಸಡಿಲುತ್ತದೆ. ಸಂಯೋಗವೇ ಅದರ ಸಹಜಸ್ಥಿತಿ. ವಿಯೋಗಕ್ಕೆ ಮಾತ್ರ ನಮ್ಮ ಪ್ರಯತ್ನ ಬೇಕು.

ಈ ಉಜ್ಜುವ ಪದರದ ಚರಿತ್ರೆ ನನಗೆ ಬಹಳ ಹಿಡಿಸಿತು. ಮೋಟಾರು ವಾಹನಗಳ ಆರಂಭದ ದಿನಗಳಲ್ಲಿ ಕ್ಲಚ್ಚು ಶಂಕುವಿನಾಕಾರದ್ದಾಗಿದ್ದು, ಅದರ ಮೈಗೆ ಚರ್ಮವನ್ನು ಹೊದಿಸುತ್ತಿದ್ದರು. ಚರ್ಮ ಒಣಗಿ ಗಡುಸಾದರೆ ಕ್ಲಚ್ಚು ಮೆಲ್ಲಗೆ ಹಿಡಿಯದೆ ಥಟ್ಟನೆ ಕಚ್ಚಿಕೊಳ್ಳುತ್ತಿತ್ತು. ಅದನ್ನು ಮಿದುಗೊಳಿಸಲು ಹರಳೆಣ್ಣೆಯನ್ನು ಸವರುತ್ತಿದ್ದರಂತೆ. ನಮ್ಮ ಹಿರಿಯರು ಹರಳೆಣ್ಣೆಯನ್ನು ಮಕ್ಕಳ ನೆತ್ತಿಗೆ ಒತ್ತಿದವರು, ಬಂಡಿಯ ಅಚ್ಚಿಗೆ ಕೀಲೆಣ್ಣೆಯಾಗಿ ಬಳಸಿದವರು. ಸಮುದ್ರದಾಚೆಯ ಮೋಟಾರಿಗೂ ಅದೇ ಎಣ್ಣೆ ಬೇಕಾಯಿತೆಂಬುದನ್ನು ಕೇಳಿದಾಗ ಹಳೆಯ ಪರಿಚಯಸ್ಥರನ್ನು ದೂರದ ಊರಿನಲ್ಲಿ ಕಂಡಂತಾಯಿತು. ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಎಂಬಾತನು ಕುದುರೆಗಾಡಿಯವರು ಇಳಿಜಾರಿನಲ್ಲಿ ಗಾಡಿಯನ್ನು ತಡೆಯಲು ಬ್ರೇಕಿನ ಮರದ ದಿಮ್ಮಿಗೆ ಹಳೆಯ ಬೂಟನ್ನು ಸಿಕ್ಕಿಸುತ್ತಿದ್ದುದನ್ನು ಕಂಡು, ಅದಕ್ಕಿಂತ ಬಾಳಿಕೆ ಬರುವ ಉಜ್ಜುಪದರವನ್ನು ಮಾಡಲು ತೊಡಗಿ, 1897ರಲ್ಲಿ ಮುಂದೆ ಫೆರೊಡೊ ಎಂದು ಪ್ರಸಿದ್ಧವಾದ ಉದ್ಯಮಕ್ಕೆ ಅಡಿಪಾಯ ಹಾಕಿದನು. ಚರ್ಮದ ತರುವಾಯ ಕಲ್ನಾರಿನ ಪದರಗಳು ಬಂದು ದಶಕಗಳ ಕಾಲ ನಡೆದವು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂಬುದು ಸಿದ್ಧಪಟ್ಟ ಮೇಲೆ ಬೇರೆ ನಾರುಗಳು ಆ ಸ್ಥಾನಕ್ಕೆ ಬಂದಿವೆ. ಆದರೂ ಹಳೆಯ ಕ್ಲಚ್ಚಿನ ಧೂಳನ್ನು ಗಾಳಿಯ ಪೈಪಿನಿಂದ ಊದಿ ಚದುರಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಗ್ಯಾರೇಜುಗಳಲ್ಲಿ ದುಡಿಯುವ ಎಳೆಯ ಹುಡುಗರ ಎದೆಗೂಡಿನ ಮಾತಾದುದರಿಂದ ಇದನ್ನು ಒತ್ತಿ ಹೇಳುತ್ತೇನೆ.

ಸವೆದ ಕ್ಲಚ್ಚು ತನ್ನ ಸ್ಥಿತಿಯನ್ನು ಮುಚ್ಚಿಡುವುದಿಲ್ಲ. ಮೇಲಿನ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಪ್ಲೇಟು ಜಾರುತ್ತಿದೆಯೆಂದು ಅರ್ಥ. ಹೊರಡುವಾಗ ಕಾರು ಚಳಿಜ್ವರ ಬಂದವರಂತೆ ನಡುಗಿದರೆ ಪ್ಲೇಟಿಗೆ ಎಣ್ಣೆ ತಗುಲಿರಬಹುದು, ಇಲ್ಲವೇ ಫ್ಲೈವೀಲಿನ ಮುಖ ಕೆಟ್ಟಿರಬಹುದು. ಪೆಡಲನ್ನು ಪೂರ್ತಿ ಒತ್ತಿದರೂ ಗೇರು ಗರಗರನೆ ಉಜ್ಜಿಕೊಂಡು ಬೀಳುತ್ತಿದ್ದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ. ಒತ್ತಿದಾಗ ಮಾತ್ರ ಸದ್ದು ಬರುತ್ತಿದ್ದರೆ ಬೇರಿಂಗಿನ ಕಡೆಗೆ ನೋಡಬೇಕು. ಅನುಮಾನವಿದ್ದವರು ಸಮತಟ್ಟಾದ ಬಯಲಿನಲ್ಲಿ, ಮುಂದೆ ಯಾರೂ ಇಲ್ಲದಿರುವಾಗ, ಹ್ಯಾಂಡ್ ಬ್ರೇಕನ್ನು ಬಿಗಿಯಾಗಿ ಎಳೆದು, ಮೂರನೆಯ ಅಥವಾ ನಾಲ್ಕನೆಯ ಗೇರನ್ನು ಹಾಕಿ, ಪೆಡಲನ್ನು ಬಿಡಬೇಕು: ಕ್ಲಚ್ಚು ಚೆನ್ನಾಗಿದ್ದರೆ ಎಂಜಿನ್ನು ಕೂಡಲೇ ನಿಂತುಹೋಗುತ್ತದೆ, ನಿಲ್ಲದೆ ತಿರುಗುತ್ತಲೇ ಇದ್ದರೆ ಒಳಗೆ ಹಿಡಿತವಿಲ್ಲ. ಈ ಪರೀಕ್ಷೆಯನ್ನು ಒಂದೇ ಸಲ ಮಾಡತಕ್ಕದ್ದು. ಪದೇ ಪದೇ ಮಾಡಿದರೆ ಪರೀಕ್ಷೆಯೇ ಕ್ಲಚ್ಚನ್ನು ತಿನ್ನುತ್ತದೆ.

ಗೇರ್‌ಬಾಕ್ಸನ್ನು ಇಳಿಸುವ ಮೊದಲು ಕೇಬಲನ್ನು ಒಮ್ಮೆ ನೋಡಬೇಕೆಂಬುದು ಬಹಳ ಮಂದಿಗೆ ಗೊತ್ತಿಲ್ಲ. ಪದರ ಸವೆದಂತೆ ಸ್ಪ್ರಿಂಗಿನ ಬೆರಳುಗಳು ಬೇರಿಂಗಿನ ಕಡೆಗೆ ಸರಿಯುತ್ತ ಬಂದು, ಪೆಡಲಿನ ತುದಿಯಲ್ಲಿರಬೇಕಾದ ಬೆರಳಗಲದ ಸಡಿಲು ಇಲ್ಲದಂತಾಗುತ್ತದೆ. ಆಗ ಕಾಲಿಡದಿದ್ದರೂ ಯಾರೋ ಸ್ವಲ್ಪ ಕಾಲಿಟ್ಟಂತೆಯೇ ಆಗಿ, ಇನ್ನೂ ಆಯುಸ್ಸಿದ್ದ ಪ್ಲೇಟು ಜಾರಲು ತೊಡಗುತ್ತದೆ. ತುದಿಯ ನಟ್ಟನ್ನು ನಾಲ್ಕು ಸುತ್ತು ತಿರುಗಿಸಿದರೆ ಮುಗಿಯುವ ಕೆಲಸಕ್ಕೆ ಕಾರಿನ ಹೊಟ್ಟೆಯನ್ನು ಕೊಯ್ಯಬೇಕಾಗಿಲ್ಲ.

ಚಿಂತಾಮಣಿಯ ಆ ಮೆಕ್ಯಾನಿಕ್ಕು ಕೇಬಲನ್ನೂ ನೋಡಿ, ಸದ್ದನ್ನೂ ಆಲಿಸಿ, ‘ಇಳಿಸ್ಲೇಬೇಕು ಮೇಷ್ಟ್ರೇ’ ಎಂದು ಹೇಳಿ ಕೆಲಸಕ್ಕೆ ತೊಡಗಿದ. ಬ್ಯಾಟರಿಯ ತಂತಿಯನ್ನು ಬಿಚ್ಚುವುದು ಮೊದಲನೆಯದು. ಅನಂತರ ಕಾರನ್ನು ಜ್ಯಾಕಿನಿಂದ ಎತ್ತಿ, ಜ್ಯಾಕನ್ನೇ ನಂಬದೆ ನಾಲ್ಕು ಕಡೆಯೂ ಗಟ್ಟಿಯಾದ ಸ್ಟ್ಯಾಂಡುಗಳನ್ನು ಕೊಟ್ಟು, ಅಲುಗಾಡಿಸಿ ನೋಡಿದ ಮೇಲೆಯೇ ಅವನು ಅಡಿಗೆ ಹೋದದ್ದು. ಗೇರ್ ಆಯಿಲನ್ನು ಬಾಣಲೆಗೆ ಬಸಿದು, ಮುಂಚಕ್ರಗಳನ್ನು ತೆಗೆದು, ಎರಡು ಕಡೆಯ ಆಕ್ಸಲುಗಳನ್ನು ಹೊರಗೆಳೆದು, ಸ್ಟಾರ್ಟರ್ ಮೋಟಾರನ್ನೂ ಗೇರಿನ ಸರಳುಗಳನ್ನೂ ಬಿಡಿಸಿ, ಎಂಜಿನ್ನಿಗೆ ಕೆಳಗಿನಿಂದ ಮರದ ತುಂಡಿಟ್ಟು ಆಸರೆ ಕೊಟ್ಟು, ಗೇರ್‌ಬಾಕ್ಸಿನ ಸುತ್ತಣ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚುತ್ತ ಹೋದ. ಜೊತೆಯ ಹುಡುಗ ಆ ಬೋಲ್ಟುಗಳನ್ನು ಹಳೆಯ ಡಬ್ಬಿಗಳ ಮುಚ್ಚಳಗಳಲ್ಲಿ, ಎಲ್ಲಿಯದು ಎಲ್ಲಿಗೆ ಎಂಬ ಕ್ರಮ ತಪ್ಪದಂತೆ, ಪೂಜೆಗೆ ಬಟ್ಟಲುಗಳನ್ನು ಜೋಡಿಸಿದಷ್ಟು ನಿಷ್ಠೆಯಿಂದ ಸಾಲಾಗಿ ಇಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಸೇರಿ ಗೇರ್‌ಬಾಕ್ಸನ್ನು ಎಂಜಿನ್ನಿನಿಂದ ನೇರವಾಗಿ ಆಚೆಗೆಳೆದು ನೆಲಕ್ಕಿಳಿಸಿದರು. ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಒಂದನ್ನೇ ಪೂರ್ತಿ ಬಿಚ್ಚದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿದುದನ್ನು ಗಮನಿಸಿದೆ. ಹಾಗೆ ಮಾಡದಿದ್ದರೆ ಸ್ಪ್ರಿಂಗಿನ ಬಲಕ್ಕೆ ಕವಚ ಸೊಟ್ಟಗಾಗುತ್ತದಂತೆ.

ಕೈಗೆ ಬಂದ ಪ್ಲೇಟು ಒಂದು ಮಸಾಲೆದೋಸೆಯಷ್ಟೂ ಅಗಲವಿರಲಿಲ್ಲ. ಅಷ್ಟು ಚಿಕ್ಕ ಬಿಲ್ಲೆಯೊಂದು ಐದು ಜನರನ್ನೂ ಒಂದು ಮೂಟೆ ರಾಗಿಯನ್ನೂ ಹೊತ್ತ ಕಾರನ್ನು ಬೆಟ್ಟದ ಏರಿಗೆ ಎಳೆಯುತ್ತದೆಂಬುದನ್ನು ನಂಬುವುದು ಕಷ್ಟ. ಮೆಕ್ಯಾನಿಕ್ಕು ರಿಲೀಸ್ ಬೇರಿಂಗನ್ನು ನನ್ನ ಕಿವಿಯ ಬಳಿ ಹಿಡಿದು ತಿರುಗಿಸಿದ. ಒಳಗೆ ಮರಳು ತುಂಬಿದಂತೆ ಗರಗರ ಎಂದಿತು. ‘ಪ್ಲೇಟು ಇನ್ನೂ ಹೊಸದೇ ಐತೆ, ಬೇರಿಂಗು ಹೋಗೈತೆ. ಆವತ್ತೇ ಹಾಕ್ಸಿದ್ದಿದ್ರೆ ಇವತ್ತು ಇಳಿಸೋ ಕೆಲ್ಸ ಇರ್ತಿರ್ಲಿಲ್ಲ ಮೇಷ್ಟ್ರೇ’ ಎಂದ. ಅವನ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ, ಮರುಕವಿತ್ತು. ಬೇರಿಂಗಿನ ಬೆಲೆ ಇಡೀ ಖರ್ಚಿನಲ್ಲಿ ಅಲ್ಪಾಂಶ. ಅದನ್ನು ಮುಟ್ಟುವುದಕ್ಕಾಗಿ ಮಾಡಬೇಕಾದ ಬಿಚ್ಚುವ, ಇಳಿಸುವ, ಏರಿಸುವ ಕೆಲಸವೇ ಮುಖ್ಯಾಂಶ. ಕ್ಲಚ್ಚನ್ನು ಬದಲಾಯಿಸುವುದೆಂದರೆ ಪ್ಲೇಟನ್ನು ಬದಲಾಯಿಸುವುದು ಎಂಬ ನನ್ನ ಲೆಕ್ಕಾಚಾರದ ದೋಷ ನನಗೆ ಸ್ಪಷ್ಟವಾದದ್ದು ಆ ಕ್ಷಣದಲ್ಲಿ. ಇನ್ನಾವ ಸಮಯದಲ್ಲಿಯೂ ಕಣ್ಣಿಗೆ ಬೀಳದ ಹತ್ತಾರು ಅಂಗಗಳು ಗೇರ್‌ಬಾಕ್ಸು ನೆಲದ ಮೇಲಿರುವ ಆ ಕೆಲವು ಗಂಟೆಗಳಲ್ಲಿ ಮಾತ್ರ ತೆರೆದಿರುತ್ತವೆ.

ಅವನು ಒಂದೊಂದನ್ನೇ ತೋರಿಸಿದ. ಹಳೆಯ ಪ್ರೆಷರ್ ಪ್ಲೇಟಿನ ಮುಖದಲ್ಲಿ, ನೀರಿನ ಮೇಲೆ ಎಣ್ಣೆ ಹರಡಿದಾಗ ಕಾಣುವಂಥ ನೀಲಿಬಣ್ಣದ ಮಚ್ಚೆಗಳಿದ್ದವು. ಗುರುಪೌರ್ಣಿಮೆಯ ದಿನದ ತಾಪ ಅಲ್ಲಿ ಬರೆಯಾಗಿ ಉಳಿದಿತ್ತು. ಅಂಥ ಮುಖಕ್ಕೆ ಒತ್ತಿಕೊಂಡು ತಿರುಗಿದ್ದರಿಂದ ಏಳೇ ತಿಂಗಳ ಪ್ಲೇಟಿನ ಒಂದು ಮೈ ವಾರೆಯಾಗಿ ಸವೆದಿತ್ತು. ಉಜ್ಜುಪದರವು ರಿವೆಟ್ಟಿನ ತಲೆಗಿಂತ ಅರ್ಧ ಮಿಲಿಮೀಟರಿನಷ್ಟೂ ಎತ್ತರವಾಗಿ ಉಳಿದಿಲ್ಲವಾದರೆ ಪ್ಲೇಟಿನ ಕಾಲ ಮುಗಿಯಿತೆಂದೂ, ರಿವೆಟ್ಟು ಫ್ಲೈವೀಲನ್ನು ಕೊರೆಯುವವರೆಗೆ ಕಾಯಬಾರದೆಂದೂ ಹೇಳಿದ. ಫ್ಲೈವೀಲಿನ ಮೇಲೆ ಉಗುರಿಗೆ ತಾಗುವಷ್ಟು ಗೆರೆಗಳಿದ್ದುದರಿಂದ ಅದನ್ನು ಹುಡುಗನ ಕೈಲಿ ಲೇತಿನ ಅಂಗಡಿಗೆ ಕಳುಹಿಸಿ, ತೆಳ್ಳಗೆ ಒಂದು ಪದರ ತೆಗೆಸಿ ತರಿಸಿದ. ಫ್ಲೈವೀಲು ಹೋದ ಮೇಲೆ ಕಂಡದ್ದು ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲು. ಅದರ ಕೆಳಗೆ ಕಣ್ಣಂಚಿನ ನೀರಿನಂತೆ ಒಂದೇ ಒಂದು ತೊಟ್ಟು ಎಣ್ಣೆ ನಿಂತಿತ್ತು. ಆ ತೊಟ್ಟನ್ನು ಹಾಗೆಯೇ ಬಿಟ್ಟು ಹೊಸ ಪ್ಲೇಟು ಹಾಕಿದ್ದರೆ ಎಣ್ಣೆ ಪದರಕ್ಕೆ ಇಳಿದು ಮೂರನೆಯ ಸಲವೂ ಇದೇ ಸ್ಟೂಲಿನ ಮೇಲೆ ನಾನು ಕುಳಿತಿರುತ್ತಿದ್ದೆ. ಗೇರ್‌ಬಾಕ್ಸಿನ ಮೂತಿಯ ಸೀಲು, ಕವೆಗೋಲು, ಶಾಫ್ಟಿನ ತುದಿಯನ್ನು ಹಿಡಿಯುವ ಚಿಕ್ಕ ಬೇರಿಂಗು, ಎಳೆ ಬಿಡುತ್ತಿದ್ದ ಕೇಬಲು, ಎಲ್ಲವನ್ನೂ ಪರೀಕ್ಷಿಸಿ, ಬೇಕಾದುದನ್ನು ಬದಲಾಯಿಸಿದ.

ಅಂಗಡಿಯಿಂದ ಬಂದ ಪೆಟ್ಟಿಗೆಯನ್ನು ತೆರೆದಾಗ ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು ಮೂರೂ ಒಟ್ಟಿಗೇ ಇದ್ದವು. ತಯಾರಕರೇ ಮೂರನ್ನೂ ಜೊತೆಮಾಡಿ ಮಾರುವುದುಂಟು. ಇಲ್ಲಿಗೆ ದೂರವೇನೂ ಅಲ್ಲದ, ನಂದಿಯ ಸಮೀಪದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಮೋಟಾರು ಕಾರ್ಖಾನೆಯೊಂದನ್ನು ಬೆಂಗಳೂರಿನಲ್ಲಿ ಸ್ಥಾಪಿಸಬೇಕೆಂದು ಪಟ್ಟ ಪ್ರಯಾಸವೂ, ಅದು ಇಲ್ಲಿ ಕೈಗೂಡದೆ, ಅವರೊಡನೆ ಸೇರಿ ದುಡಿದಿದ್ದ ವಾಲಚಂದ್ ಹೀರಾಚಂದರು 1944ರಲ್ಲಿ ಮುಂಬಯಿಯ ಕಡೆ ಪ್ರೀಮಿಯರ್ ಕಂಪನಿಯನ್ನು ಆರಂಭಿಸಿದುದೂ ಆ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದಾಗ ನೆನಪಾಯಿತು. ನಮ್ಮ ಸೀಮೆಯ ಒಬ್ಬ ಹಿರಿಯರು ಇಂಥ ಬಿಡಿಭಾಗಗಳು ಇಲ್ಲಿಯೇ ತಯಾರಾಗಬೇಕೆಂದು ಅಷ್ಟು ಮೊದಲೇ ಹಂಬಲಿಸಿದ್ದರೆಂಬುದು ನನಗೆ ಇಂದಿಗೂ ಎದೆ ತುಂಬಿ ಬರುವ ವಿಷಯ.

ಜೋಡಿಸುವ ಕೆಲಸದಲ್ಲಿ ಬಿಚ್ಚುವುದಕ್ಕಿಂತ ಹೆಚ್ಚಿನ ಜಾಣ್ಮೆ ಬೇಕು. ಎಣ್ಣೆಗೈಯಿಂದ ಹೊಸ ಪ್ಲೇಟನ್ನು ಮುಟ್ಟಬಾರದೆಂದು ಮೆಕ್ಯಾನಿಕ್ಕು ಸೋಪಿನಿಂದ ಕೈ ತೊಳೆದು ಬಂದ. ಪ್ಲೇಟಿಗೆ ಒಳಮೈ ಹೊರಮೈಗಳ ಭೇದವುಂಟು; ಸಾಮಾನ್ಯವಾಗಿ ನಡುವಿನ ಚಿಕ್ಕ ಸ್ಪ್ರಿಂಗುಗಳು ಉಬ್ಬಿರುವ ಮೈ ಗೇರ್‌ಬಾಕ್ಸಿನ ಕಡೆಗಿರಬೇಕು, ತಿರುವುಮುರುವಾದರೆ ಕ್ಲಚ್ಚು ಬಿಡುವುದೇ ಇಲ್ಲ. ಅದನ್ನು ಕೇಂದ್ರಕ್ಕೆ ಸರಿಯಾಗಿ ಕೂರಿಸುವುದಕ್ಕೆ ಅವನ ಬಳಿಯಿದ್ದ ಸಲಕರಣೆ, ಯಾವುದೋ ಗುಜರಿ ಗೇರ್‌ಬಾಕ್ಸಿನಿಂದ ತೆಗೆದಿಟ್ಟ ಒಂದು ಶಾಫ್ಟು. ಅದನ್ನು ತೂತಿನೊಳಗೆ ತೂರಿಸಿ, ಕಣ್ಣಳತೆಯಿಂದಲೂ ಬೆರಳಿನಿಂದಲೂ ಸುತ್ತಣ ಅಂಚನ್ನು ಸಮವೆಂದು ನಿಶ್ಚಯಿಸಿಕೊಂಡು, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದ ತರುವಾಯ ಆ ಶಾಫ್ಟನ್ನು ಹೊರಗೆಳೆದ. ಅದು ಬೆಣ್ಣೆಯಿಂದ ಕೂದಲು ತೆಗೆದಂತೆ ಬಂದಿತು. ಹಲ್ಲುಗಳಿಗೆ ಗ್ರೀಸನ್ನು ಸವರಿ, ಸವರಿದುದರಲ್ಲಿ ಬಹುಪಾಲನ್ನು ಮತ್ತೆ ಒರೆಸಿಬಿಟ್ಟ. ಹೆಚ್ಚಾದ ಗ್ರೀಸು ತಿರುಗುವಾಗ ಚಿಮ್ಮಿ ಪದರಕ್ಕೆ ಬೀಳುತ್ತದೆ. ಗೇರ್‌ಬಾಕ್ಸನ್ನು ಏರಿಸುವಾಗ ಅದರ ಭಾರ ಪ್ಲೇಟಿನ ನಡುವಿಗೆ ಜೋತು ಬೀಳದಂತೆ ಇಬ್ಬರೂ ಉಸಿರು ಬಿಗಿಹಿಡಿದು ಎತ್ತಿ ಹಿಡಿದರು.

ಕೇಬಲಿನ ಬದಲು ಎಣ್ಣೆಯ ಒತ್ತಡದಿಂದ ನಡೆಯುವ ಕ್ಲಚ್ಚುಗಳು ಈಗಿನ ಅನೇಕ ಕಾರುಗಳಲ್ಲಿವೆ. ಅವುಗಳಲ್ಲಿ ಕೆಲವಕ್ಕೆ ಬೇರಿಂಗನ್ನು ನೂಕುವ ಸಿಲಿಂಡರು ಗೇರ್‌ಬಾಕ್ಸಿನ ಒಳಗೇ ಇರುವುದರಿಂದ ಅದನ್ನೂ ಇದೇ ಅವಕಾಶದಲ್ಲಿ ನೋಡಿಬಿಡುವುದು ಕ್ಷೇಮ. ಎರಡು ತುಂಡಿನ ಫ್ಲೈವೀಲಿರುವ ಡೀಸೆಲ್ ಕಾರುಗಳಲ್ಲಿ ಲೇತಿಗೆ ಕೊಡುವ ಪದ್ಧತಿ ಸಾಮಾನ್ಯವಾಗಿ ನಡೆಯುವುದಿಲ್ಲ.

ಭಾನುವಾರದ ಬೆಳಗಿನ ಜಾವ ನಂದಿಬೆಟ್ಟದ ತಿರುವುಗಳಲ್ಲಿ ಕಾರುಗಳು ಸಾಲುಗಟ್ಟಿ ನಿಂತಾಗ ಗಾಳಿಯಲ್ಲಿ ಬರುವ ಕಮಟು ನಾತವನ್ನು ಈಗ ನಾನು ಗುರುತು ಹಿಡಿಯಬಲ್ಲೆ. ಏರಿನಲ್ಲಿ ಬ್ರೇಕನ್ನು ಬಳಸದೆ ಅರ್ಧ ಕ್ಲಚ್ಚಿನ ಮೇಲೆಯೇ ಕಾರನ್ನು ಹಿಡಿದು ನಿಲ್ಲಿಸುವವರ ಪ್ಲೇಟುಗಳು ಅಲ್ಲಿ ಬೇಯುತ್ತಿರುತ್ತವೆ. ಒಂದೇ ಮಾದರಿಯ ಪ್ಲೇಟು ಒಬ್ಬರ ಕಾಲಡಿಯಲ್ಲಿ ಲಕ್ಷ ಕಿಲೋಮೀಟರನ್ನು ದಾಟುತ್ತದೆ, ಇನ್ನೊಬ್ಬರ ಕಾಲಡಿಯಲ್ಲಿ ಅದರ ಕಾಲುಭಾಗವನ್ನೂ ಮುಟ್ಟುವುದಿಲ್ಲ. ಗೇರು ಬದಲಾಯಿಸಿದ ಮೇಲೂ ಪೆಡಲಿನ ಮೇಲೆ ಪಾದವನ್ನು ಇಟ್ಟುಕೊಂಡೇ ಇರುವ ಅಭ್ಯಾಸ ನನಗಿತ್ತು. ಅದು ಬೇರಿಂಗನ್ನು ಬಿಡುವಿಲ್ಲದೆ ದುಡಿಸಿ ಕೊಲ್ಲುವ ಅಭ್ಯಾಸ.

ದೀಪ ಹಚ್ಚುವ ಹೊತ್ತಿಗೆ ಹೊಸ ಗೇರ್ ಆಯಿಲ್ ಹಾಕಿ, ಪೆಡಲಿನ ಸಡಿಲನ್ನು ಬೆರಳಿನಿಂದ ಅಳೆದು, ಮೊದಲ 500 ಕಿಲೋಮೀಟರುಗಳಷ್ಟು ದೂರ ಭಾರ ಹೇರದೆ, ಎಂಜಿನ್ನನ್ನು ಅಬ್ಬರಿಸದೆ ಓಡಿಸಬೇಕೆಂದೂ, ಹೊಸ ಮುಖಗಳು ಪರಸ್ಪರ ಪಳಗಬೇಕಾದರೆ ಅಷ್ಟು ಸಾವಕಾಶ ಬೇಕೆಂದೂ ಹೇಳಿ ಮೆಕ್ಯಾನಿಕ್ಕು ಕೀಲಿಯನ್ನು ಕೈಗಿತ್ತ. ಅವನ ಮಾತಿನಂತೆ ತಿಂಗಳೊಪ್ಪತ್ತು ನಡೆಸಿ, ಒಂದು ಸಂಜೆ ಅಂಬಾಜಿದುರ್ಗದ ಅದೇ ಏರಿಗೆ ಹೋದೆ. ನಡುದಾರಿಯಲ್ಲಿ ಟೊಮೇಟೊ ಪೆಟ್ಟಿಗೆಗಳನ್ನು ತುಂಬಿದ ಟ್ರ್ಯಾಕ್ಟರೊಂದು ನಿಂತಿದ್ದುದರಿಂದ ಅದರ ಹಿಂದೆ ನಿಲ್ಲಬೇಕಾಯಿತು. ಹ್ಯಾಂಡ್ ಬ್ರೇಕನ್ನು ಎಳೆದು, ಗೇರನ್ನು ನ್ಯೂಟ್ರಲ್ಲಿಗೆ ತಂದು ಕಾಯ್ದೆ. ಟ್ರ್ಯಾಕ್ಟರು ಸರಿದ ಮೇಲೆ ಮೊದಲನೆಯ ಗೇರು ಹಾಕಿ ಪೆಡಲನ್ನು ಮೆಲ್ಲಗೆ ಬಿಡುತ್ತ ಬಂದಂತೆ, ಎಂಜಿನ್ನಿನ ದನಿ ಒಂದಿಷ್ಟು ತಗ್ಗಿ, ಕಾರಿನ ಮೂತಿ ತುಸು ಮೇಲಕ್ಕೆದ್ದಿತು; ಬ್ರೇಕು ಬಿಟ್ಟೊಡನೆ ಒಂದಂಗುಲವೂ ಹಿಂಜರಿಯದೆ ಹೊರಟಿತು. ಎರಡನೆಯ ಗೇರಿಗೆ ಬಂದಾಗ ನೋಡಿಕೊಂಡೆ: ನನ್ನ ಎಡಗಾಲು ಪೆಡಲನ್ನು ಬಿಟ್ಟು ನೆಲದ ಮೇಲಿತ್ತು.